ಚನ್ನಕ್ಕ ‘ಆತು’ ಅನ್ನುವವರೆಗೆ

ಮಜ್ಜಿಗೆ ಮೆಣಸಿನಕಾಯಿ ಒಣಗಿದೆಯೋ ಇಲ್ಲವೋ ಎಂದು ನೋಡಲು ಚನ್ನಕ್ಕ ಕಣ್ಣನ್ನು ನಂಬುತ್ತಿರಲಿಲ್ಲ. ಒಂದು ಕಾಯಿ ಎತ್ತಿ, ಬಲಗಿವಿಯ ಹತ್ತಿರ ಹಿಡಿದು, ಎರಡು ಸಲ ಅಲ್ಲಾಡಿಸುತ್ತಿದ್ದರು. ಒಳಗಿನ ಬೀಜ ಗಲಗಲ ಎಂದರೆ ‘ಆತು, ತಗೀರಿ’ ಅನ್ನುತ್ತಿದ್ದರು. ಅವರು ‘ಆತು’ ಅನ್ನುವವರೆಗೆ ನಾವು ಒಂದೇ ಒಂದು ಕಾಯಿಯನ್ನೂ ಡಬ್ಬಕ್ಕೆ ಹಾಕುತ್ತಿರಲಿಲ್ಲ. ಹನ್ನೊಂದು ವರ್ಷ ನಮ್ಮ ಕೆಲಸ ನಡೆದದ್ದೇ ಹೀಗೆ.

ನಾವು ಅಂದರೆ ಮೂರು ಜನ. ಚನ್ನಕ್ಕ, ರತ್ನವ್ವ, ಮತ್ತೆ ಸ್ಮಿತಾ ಎನ್ನುವ ನಾನು. ವಿದ್ಯಾರಣ್ಯಪುರದ ನಮ್ಮ ಮನೆಯ ತಾರಸಿಯೇ ನಮ್ಮ ಕಾರ್ಖಾನೆ. ಸಂಡಿಗೆ, ಹಪ್ಪಳ ಎಲ್ಲ ಮಾಡಿ ನೋಡಿದೆವು. ಕೊನೆಗೆ ನಮ್ಮ ಕೈ ಹಿಡಿದದ್ದು ಈ ಮೆಣಸಿನಕಾಯಿ. ಆರ್ಡರ್ ಹಿಡಿಯುವುದು, ಪ್ಯಾಕ್ ಮಾಡುವುದು, ಗಿರಾಕಿಗಳ ಹತ್ತಿರ ಬೈಸಿಕೊಳ್ಳುವುದು ನನ್ನ ಪಾಲು. ನನ್ನ ಬಾಯಿ ಸರಿ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ. ಬಾಯಿ ಸರಿ ಇರುವವರು ಒಂದು ತಿಂಗಳು ಈ ಕೆಲಸ ಮಾಡಿ ತೋರಿಸಲಿ, ಆಮೇಲೆ ಮಾತಾಡೋಣ.

ಚನ್ನಕ್ಕ ಬಾದಾಮಿ ಕಡೆಯವರು. ಗಂಡ ಶೇಖರಪ್ಪನವರಿಗೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಇಪ್ಪತ್ತಾರು ವರ್ಷದ ಹಿಂದೆ ಈ ಊರಿಗೆ ಬಂದರು. ಆರು ಬಾಡಿಗೆ ಮನೆ ಬದಲಾಯಿಸಿದರಂತೆ. ಮನೆ ನೋಡಲು ಹೋದರೆ ಎಲ್ಲರೂ ನೀರು ಬರುತ್ತಾ ಎಂದು ಕೇಳುತ್ತಾರೆ, ಇವರು ತಾರಸಿಗೆ ಬಿಡುತ್ತೀರಾ ಎಂದು ಕೇಳುತ್ತಿದ್ದರು. ಶೇಖರಪ್ಪ ತೀರಿಕೊಂಡ ಮೇಲೆ ಮಗ ಉಮೇಶನ ಜೊತೆ ಇಲ್ಲೇ ಪಕ್ಕದ ಸಿಂಗಾಪುರ ಬಡಾವಣೆಯಲ್ಲಿ ಇದ್ದಾರೆ. ನಮ್ಮ ಮನೆಯಿಂದ ನಡೆದು ಬರುವಷ್ಟು ದೂರ. ಉಮೇಶ ಏರ್‌ಪೋರ್ಟ್ ಕಡೆ ಕ್ಯಾಬ್ ಓಡಿಸುತ್ತಾನೆ. ಕೆಟ್ಟವನಲ್ಲ. ಅವನ ಹೆಂಡತಿಯೂ ಕೆಟ್ಟವಳಲ್ಲ. ಎರಡು ಕೋಣೆಯ ಮನೆ, ಇಬ್ಬರು ಮಕ್ಕಳು, ಒಂದು ಟಿವಿ, ಅಷ್ಟೇ ಕಷ್ಟ.

‘ಮನ್ಯಾಗ ಕುಂತ್ರ ನಾನೂ ಒಂದು ಸಾಮಾನೇ ನೋಡವಾ’ ಎಂದು ಚನ್ನಕ್ಕ ಒಮ್ಮೆ ಹೇಳಿದ್ದರು. ‘ಅಡ್ಡ ಬಂದ್ರ ಅತ್ಲಾಗ ಸರಸ್ತಾರ, ಇಲ್ಲಾಂದ್ರ ನೆಪ್ಪೂ ಇರೂದಿಲ್ಲ. ಇಲ್ಲಿ ನಾ ಆತು ಅಂದ್ರ ನೀವು ತಗೀತೀರಿ, ಬ್ಯಾಡ ಅಂದ್ರ ಬಿಡ್ತೀರಿ. ಅಷ್ಟ ಸಾಕು ನನಗ.’

ನಗುತ್ತಲೇ ಹೇಳಿದ್ದು. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಈ ಹೆಂಗಸಿಗೆ ಈ ತಾರಸಿ ತಪ್ಪಿದರೆ ಬೇರೆ ಎಲ್ಲೂ ಅವರ ಮಾತು ನಡೆಯುವುದಿಲ್ಲ ಎಂದು ಅವತ್ತೇ ಗೊತ್ತಾಗಿತ್ತು ನನಗೆ.

ಬಿಸಿಲಲ್ಲಿ ಒಣಗಿಸುವುದೆಂದರೆ ಏನು ಎಂದು ಮಾಡಿದವರಿಗೇ ಗೊತ್ತು. ಕಾಯಿ ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ನೆನೆಸಬೇಕು. ಬೆಳಿಗ್ಗೆ ತಾರಸಿಗೆ, ಸಾಯಂಕಾಲ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಎಲ್ಲ ಕಾಯಿಯೊಳಗೆ ಇಂಗುವವರೆಗೆ ಇದೇ ಹಾಡು. ಆಮೇಲೆ ಬರೀ ಬಿಸಿಲು. ಒಟ್ಟು ಎಂಟು ದಿನ, ಮೋಡ ಮುಚ್ಚಿದರೆ ಹನ್ನೆರಡು. ಮಧ್ಯೆ ಪಾರಿವಾಳ ಬರುತ್ತವೆ. ಮೇ ತಿಂಗಳಲ್ಲಿ ಹೇಳದೆ ಕೇಳದೆ ಮಳೆ ಬರುತ್ತದೆ, ಮೂವರೂ ಸೆರಗು ಕಟ್ಟಿಕೊಂಡು ಮೆಟ್ಟಿಲು ಹತ್ತಿ ಓಡಬೇಕು. ಅದೂ ಸಾಲದು ಎಂದು ಪಕ್ಕದ ಸೈಟಿನಲ್ಲಿ ಐದು ಮಹಡಿ ಎದ್ದಿತು. ಅವರು ಕಟ್ಟುವವರೆಗೆ ನಮ್ಮ ಕಾಯಿಯ ಮೇಲೆಲ್ಲ ಸಿಮೆಂಟಿನ ಧೂಳು, ಕಟ್ಟಿ ಮುಗಿಸಿದ ಮೇಲೆ ಮಧ್ಯಾಹ್ನ ಎರಡಕ್ಕೇ ನೆರಳು. ಊಟಕ್ಕೆ ಕೂತವರ ಹಲ್ಲಿಗೆ ಮರಳು ಸಿಕ್ಕಿದರೆ ಯಾರು ಸುಮ್ಮನಿರುತ್ತಾರೆ? ನನಗಂತೂ ಸಾಕಾಗಿ ಹೋಗಿತ್ತು.

ಹಾಗಾಗಿ ಮಷೀನು ಬಂತು. ಯಶವಂತಪುರ ಮಾರ್ಕೆಟ್ ಹಿಂದೆ ಗೇಟು, ಗ್ರಿಲ್ಲು ಮಾಡುವ ಖಾದರ್ ಬಾಷಾ ಎನ್ನುವವರು ಮಾಡಿಕೊಟ್ಟರು. ಬೀರುವಿನಷ್ಟು ಎತ್ತರದ ತಗಡಿನ ಪೆಟ್ಟಿಗೆ, ಒಳಗೆ ಜಾಲರಿಯ ಹತ್ತು ಟ್ರೇ, ಕೆಳಗೆ ಬಿಸಿ ಮಾಡುವ ಕಾಯಿಲ್, ಹಿಂದೆ ಫ್ಯಾನು. ತಾರಸಿಯ ಮೆಟ್ಟಿಲ ಪಕ್ಕದ ಶೀಟಿನ ಕೋಣೆಯಲ್ಲಿ ಇಟ್ಟೆವು.

ಮೊದಲನೇ ಸಲ ಹಾಳು ಮಾಡಿದವಳು ನಾನೇ. ಬೇಗ ಮುಗಿಯಲಿ ಎಂದು ಬಿಸಿಯನ್ನು ಎಂಬತ್ತು ಡಿಗ್ರಿಗೆ ತಿರುಗಿಸಿದೆ. ಸಾಯಂಕಾಲದ ಹೊತ್ತಿಗೆ ಕಾಯಿ ನೋಡಲು ಗರಿಗರಿಯಾಗಿತ್ತು. ಚನ್ನಕ್ಕ ಒಂದನ್ನು ಕಿವಿಗೆ ಹಿಡಿದರು, ಅಲ್ಲಾಡಿಸಿದರು, ತಲೆ ಆಡಿಸಿದರು. ಮುರಿದು ತೋರಿಸಿದರೆ ಮೇಲಿನ ಸಿಪ್ಪೆ ಹಲಗೆಯಾಗಿದೆ, ಒಳಗೆ ಬೀಜವೆಲ್ಲ ಒದ್ದೆ.

‘ಮ್ಯಾಲ ಬಾಗಲಾ ಹಾಕಿಬಿಟ್ಟಿ, ಒಳಗಿನ ನೀರು ಎಲ್ಲಿಂದ ಹೊರಗ ಬರಬೇಕು?’ ಎಂದರು. ‘ಬಿಸಿಲು ಹೆಚ್ಚಾದ್ರ ನಾವು ಕಾಯಿ ನೆರಳಿಗೆ ಸರಸ್ತಿದ್ದಿವಿ. ಬೆಂಕಿ ಕಡಿಮಿ ಮಾಡು. ಗಾಳಿ ಬಿಡು, ಗಾಳಿ.’

ಐವತ್ತೈದಕ್ಕೆ ಇಳಿಸಿದೆವು. ಗಾಳಿ ಹೊರಹೋಗಲು ಖಾದರ್ ಬಾಷಾ ಮೇಲೆ ಇನ್ನೊಂದು ಕಿಂಡಿ ಕೊರೆದುಕೊಟ್ಟರು. ಕೆಳಗಿನ ಟ್ರೇ ಬೇಗ ಒಣಗುತ್ತದೆ, ಮೇಲಿನದು ತಡ ಎಂದು ಕಂಡುಹಿಡಿದವರೂ ಚನ್ನಕ್ಕನೇ. ಎರಡು ತಾಸಿಗೊಮ್ಮೆ ಟ್ರೇ ಅದಲು ಬದಲು ಮಾಡಿಸುತ್ತಿದ್ದರು. ಎಂಟು ದಿನದ ಕೆಲಸ ಮೂರು ದಿನಕ್ಕೆ ಬಂತು. ಧೂಳಿಲ್ಲ, ಪಾರಿವಾಳವಿಲ್ಲ, ಬಣ್ಣ ಹಾಲಿನ ಕೆನೆಯಂತೆ. ಯಲಹಂಕ ನ್ಯೂಟೌನಿನಲ್ಲಿ ಜೋಳದ ರೊಟ್ಟಿ ಖಾನಾವಳಿ ನಡೆಸುವ ವಿರೂಪಾಕ್ಷ ನಮ್ಮ ಅತಿ ದೊಡ್ಡ ಗಿರಾಕಿ. ನಾವು ಮಾಡಿದ್ದರಲ್ಲಿ ಮುಕ್ಕಾಲು ಅವರಿಗೇ ಹೋಗುತ್ತಿತ್ತು. ಅವರು ಫೋನ್ ಮಾಡಿ ಹೊಗಳಿದರು. ನಾನು ಮೊದಲ ಸಲ ಮಧ್ಯಾಹ್ನ ಅರ್ಧ ತಾಸು ಮಲಗಿದೆ.

ಆ ಸುಖ ಒಂದು ವರ್ಷವೂ ಉಳಿಯಲಿಲ್ಲ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ವಿರೂಪಾಕ್ಷರಿಂದ ಒಂದು ಚೀಲ ವಾಪಸ್ ಬಂತು. ಬಿಚ್ಚಿದರೆ ಬೂಷ್ಟಿನ ವಾಸನೆ. ಚೀಲ ಎಲ್ಲೋ ನೆಲದ ಮೇಲೆ ಇಟ್ಟಿದ್ದಾರೆ ಎಂದುಕೊಂಡು ಸುಮ್ಮನಾದೆ. ಸಂಕ್ರಾಂತಿಯ ನಂತರ ಇನ್ನೊಂದು ಬ್ಯಾಚ್ ಪೂರ್ತಿ ಬಂತು. ಈ ಸಲ ವಿರೂಪಾಕ್ಷರೇ ಸ್ಕೂಟರಿನಲ್ಲಿ ತಂದಿದ್ದರು.

‘ಅಕ್ಕಾರ, ಊಟ ಮಾಡೋರು ಅರ್ಧಕ್ಕೇ ಎದ್ದು ಹೋಗ್ಯಾರ’ ಎಂದರು. ಸಿಟ್ಟಿರಲಿಲ್ಲ, ಅದೇ ಇನ್ನೂ ಕಷ್ಟ. ‘ಇನ್ನೊಂದು ಸಲ ನೋಡ್ತೀನಿ. ಮತ್ತ ಹಿಂಗಾದ್ರ ನಾ ಬ್ಯಾರೆ ಕಡೆ ತರಸ್ತೀನಿ. ಬೇಜಾರು ಮಾಡ್ಕೋಬ್ಯಾಡ್ರಿ.’

ವಿರೂಪಾಕ್ಷ ಬಿಟ್ಟರೆ ಕೆಲಸ ನಿಂತ ಹಾಗೆಯೇ. ನನ್ನ ಗಂಡನಿಗೆ ಸಂಬಳ ಬರುತ್ತದೆ, ರತ್ನವ್ವ ಇನ್ನೊಂದು ಕಡೆ ಅಡುಗೆಗೆ ಹೋಗುತ್ತಾಳೆ. ಚನ್ನಕ್ಕ ಮಾತ್ರ ಸಿಂಗಾಪುರದ ಆ ಕೋಣೆಗೆ ಹೋಗಿ ಕೂರಬೇಕು. ಅವತ್ತು ಅವರು ಬೂಷ್ಟು ಹಿಡಿದ ಕಾಯಿಗಳನ್ನು ಒಂದೊಂದಾಗಿ ಮುರಿದು ನೋಡುತ್ತ ಸಂಜೆಯವರೆಗೆ ಕೂತಿದ್ದರು.

ಮರುದಿನ ಬಸ್ ಹತ್ತಿ ಯಶವಂತಪುರಕ್ಕೆ ಹೋದೆ. ಖಾದರ್ ಬಾಷಾರ ಅಂಗಡಿಯಲ್ಲಿ ಗೇಟು ಮಾಡಿಸಲು ಬಂದ ಗಿರಾಕಿಗಳು ನಿಂತಿದ್ದರು. ನಾನು ಯಾರನ್ನೂ ನೋಡಲಿಲ್ಲ.

‘ಏನ್ರೀ ಬಾಷಾ, ಡ್ರೈಯರ್ ಮಾಡಿದ್ದೀರೋ ಕಸದ ಡಬ್ಬಾ ಮಾಡಿದ್ದೀರೋ? ಎರಡು ಸಲ ಮಾಲು ಹಾಳಾಯ್ತು. ಕೆಲಸ ಬರಲ್ಲ ಅಂದ್ರೆ ಯಾಕ್ರೀ ಒಪ್ಕೊಳ್ತೀರ? ನಿಮ್ಮನ್ನ ನಂಬಿ ಮೂರು ಜನ ಬೀದಿಗೆ ಬೀಳೋ ಹಾಗಾಯ್ತು!’

ಇನ್ನೂ ಏನೇನೋ ಅಂದೆ. ಅಂದದ್ದೆಲ್ಲ ಬರೆಯಲು ಈಗ ನಾಚಿಕೆ ಆಗುತ್ತದೆ. ಅವರು ಗ್ರೈಂಡಿಂಗ್ ಮಷೀನು ಕೆಳಗಿಟ್ಟು, ಕೈ ಒರೆಸಿಕೊಂಡು, ಪೂರ್ತಿ ಕೇಳಿದರು.

‘ನೋಡ್ತೀನಿ ಮೇಡಂ. ನಾಳೆ ಬರ್ತೀನಿ’ ಎಂದರು.

ಬಂದರು. ಬಾಗಿಲಿನ ರಬ್ಬರು ಬದಲಾಯಿಸಿದರು, ಕಾಯಿಲ್ ಪರೀಕ್ಷೆ ಮಾಡಿದರು. ಮತ್ತೊಂದು ದಿನ ಬಂದು ದೊಡ್ಡ ಫ್ಯಾನು ಹಾಕಿದರು. ಚನ್ನಕ್ಕ ಅವರ ಪಕ್ಕದಲ್ಲೇ ನಿಂತು ಟ್ರೇ ಹಿಡಿದುಕೊಂಡಿದ್ದರು. ಹೋಗುವಾಗ ಖಾದರ್ ಬಾಷಾ ನನ್ನನ್ನು ಒಂದು ಕ್ಷಣ ನೋಡಿದರು, ಏನೋ ಹೇಳುವವರಂತೆ. ನನ್ನ ಮುಖ ಹೇಗಿತ್ತೋ, ಹೇಳದೆ ಇಳಿದು ಹೋದರು.

ಕೊನೆಯ ಅವಕಾಶದ ಬ್ಯಾಚ್ ಹಾಕಿದೆವು. ಮೂರನೆಯ ದಿನ ಮಧ್ಯಾಹ್ನ ವಿರೂಪಾಕ್ಷರ ಕಡೆಯಿಂದ ಎರಡು ಸಲ ಫೋನ್ ಬಂತು, ಯಾವಾಗ ಕಳಿಸುತ್ತೀರಿ ಎಂದು. ನಾನು ಫೋನು ಹಿಡಿದು ಮೆಟ್ಟಿಲ ಹತ್ತಿರ ಆ ಕಡೆ ಈ ಕಡೆ ಓಡಾಡುತ್ತಿದ್ದೆ. ಚನ್ನಕ್ಕ ಪೆಟ್ಟಿಗೆಯ ಬಾಗಿಲು ತೆಗೆದು ಒಂದು ಕಾಯಿ ಕೈಗೆತ್ತಿಕೊಂಡರು. ಅಷ್ಟರಲ್ಲಿ ಕರೆಂಟ್ ಹೋಯಿತು.

ಆ ದೊಡ್ಡ ಫ್ಯಾನು ನಿಂತಿದ್ದೇ ಇಡೀ ಕೋಣೆ ಸದ್ದಿಲ್ಲದೆ ಹೋಯಿತು. ಕೆಳಗಿನ ರಸ್ತೆಯಲ್ಲಿ ಸೊಪ್ಪಿನವಳು ಕೂಗುವುದು ಕೇಳುತ್ತಿತ್ತು. ಚನ್ನಕ್ಕ ಕಾಯಿಯನ್ನು ಬಲಗಿವಿಗೆ ಹಿಡಿದರು. ಎರಡು ಸಲ ಅಲ್ಲಾಡಿಸಿದರು. ನನ್ನ ಕಡೆ ನೋಡಿದರು.

‘ಆತು, ತಗೀರಿ’ ಎಂದರು.

ನಾನು ಅವರಿಂದ ಎರಡಡಿ ದೂರದಲ್ಲಿದ್ದೆ. ನನಗೆ ಬೀಜದ ಸದ್ದು ಕೇಳಿಸಿರಲಿಲ್ಲ. ಟ್ರೇಯಿಂದ ಒಂದು ಕಾಯಿ ತೆಗೆದು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಏನೂ ಇಲ್ಲ. ಇನ್ನೊಂದು. ಅದೂ ಇಲ್ಲ. ಮುರಿಯಲು ಹೋದರೆ ಮುರಿಯಲಿಲ್ಲ, ಚರ್ಮದ ಹಾಗೆ ಬಾಗಿತು. ಚನ್ನಕ್ಕ ಆಗಲೇ ನನಗೆ ಬೆನ್ನು ಮಾಡಿ ಮೇಲಿನ ಟ್ರೇ ಎಳೆಯುತ್ತಿದ್ದರು.

‘ಅಕ್ಕಾ, ಇದಿನ್ನೂ ಹಸಿ ಇದೆ’ ಎಂದೆ.

ಅವರು ತಿರುಗಲಿಲ್ಲ.

‘ಅಕ್ಕಾ!’

ತಿರುಗಲಿಲ್ಲ. ಟ್ರೇ ಕೆಳಗಿಟ್ಟು ಎರಡನೆಯದಕ್ಕೆ ಕೈ ಹಾಕಿದರು. ನಾನು ಹೋಗಿ ಭುಜ ಮುಟ್ಟಿದೆ. ಬೆಚ್ಚಿ ತಿರುಗಿದರು. ನನ್ನ ಮುಖ ನೋಡಿದರು, ಕೈಯಲ್ಲಿದ್ದ ಬಾಗಿದ ಕಾಯಿ ನೋಡಿದರು. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ನಾನೂ ಎದುರು ಕೂತೆ. ನಿಧಾನವಾಗಿ, ಮಾತು ಬಿಡಿಸಿ ಕೇಳಿದೆ. ‘ಯಾವಾಗಿಂದ ಅಕ್ಕಾ?’

‘ದೀಪಾವಳಿಕಿಂತ ಮೊದಲ’ ಎಂದರು. ‘ಮಾತು ಒಂದಷ್ಟು ಕೇಳ್ತೈತಿ, ಎದುರಿದ್ರ ತಿಳೀತೈತಿ. ಬೀಜದ ಸಪ್ಪಳ ಮಾತ್ರ ಪೂರಾ ಹೋತು.’

‘ಮತ್ತೆ ಇಷ್ಟು ದಿನ ಆತು ಅಂತ ಹೇಗೆ ಹೇಳ್ತಿದ್ರಿ?’

ಚನ್ನಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

‘ನಿನ್ನ ಮಾರಿ ನೋಡಿ’ ಎಂದರು. ‘ನೀ ಫೋನ್ ಹಿಡಕೊಂಡು ಗಡಿಬಿಡಿ ಮಾಡಾಕತ್ತಿದ್ರ ಆತು ಅಂತಿದ್ದೆ. ನೀ ಸುಮ್ಮನ ಇದ್ರ ಇನ್ನೊಂದು ತಾಸು ಬಿಡ್ತಿದ್ದೆ. ಏನ್ ಮಾಡ್ಲಿ ಯವ್ವಾ, ನೀ ಒದರ್ತಿ ಅಂತ ಅಂಜಿಕಿ. ಕಿವಿ ಹೋಗೈತಿ ಅಂದ್ರ ನೀ ಮನಿಗೆ ಹೋಗು ಅಂತಿದ್ದಿ.’

ಹನ್ನೊಂದು ವರ್ಷ ಜೊತೆಗಿದ್ದ ಹೆಂಗಸು ನನಗೆ ಹೆದರಿ ಹಸಿ ಕಾಯಿಯನ್ನು ಒಣಗಿದೆ ಎಂದು ಹೇಳಿದ್ದಾರೆ. ನಾನು ಯಶವಂತಪುರದವರೆಗೆ ಹೋಗಿ ಊರವರ ಮುಂದೆ ಖಾದರ್ ಬಾಷಾರ ಮರ್ಯಾದೆ ತೆಗೆದು ಬಂದಿದ್ದೇನೆ. ಎರಡು ಬ್ಯಾಚ್ ಹಾಳು ಮಾಡಿದ್ದು ಮಷೀನೂ ಅಲ್ಲ, ಬರೀ ಚನ್ನಕ್ಕನ ಕಿವಿಯೂ ಅಲ್ಲ. ನನ್ನ ಈ ಹಾಳು ಬಾಯಿಗೂ ಅದರಲ್ಲಿ ಪಾಲಿತ್ತು.

‘ಉಮೇಶಗ ಹೇಳಬ್ಯಾಡವಾ’ ಎಂದರು ಚನ್ನಕ್ಕ. ‘ಹೇಳಿದ್ರ ನಾಳಿಂದ ಹೊರಗ ಕಳ್ಸೂದಿಲ್ಲ. ರಸ್ತೆದಾಗ ಗಾಡಿ ಸಪ್ಪಳ ಕೇಳೂದಿಲ್ಲ ಅಂತಾನ.’

‘ಹೇಳಲ್ಲ’ ಎಂದೆ.

ಕರೆಂಟ್ ಬಂದ ಮೇಲೆ ಟ್ರೇಗಳನ್ನು ಮತ್ತೆ ಒಳಗೆ ತಳ್ಳಿ, ರತ್ನವ್ವನನ್ನು ನೋಡಿಕೊಳ್ಳಲು ಬಿಟ್ಟು, ನಾನು ಬಸ್ ಹತ್ತಿದೆ. ಬಿಇಎಲ್ ಸರ್ಕಲ್ಲಿನಲ್ಲಿ ಟ್ರಾಫಿಕ್ಕು ಮುಕ್ಕಾಲು ತಾಸು ಹಿಡಿಯಿತು. ಏನು ಹೇಳಬೇಕು ಎಂದು ಯೋಚಿಸುತ್ತ ಕೂತಿದ್ದೆ. ಅಂಗಡಿ ಮುಟ್ಟಿದಾಗ ಎಲ್ಲ ಮರೆತು ಹೋಗಿ, ‘ತಪ್ಪಾಯ್ತು ಬಾಷಾ ಭಾಯ್, ಮಷೀನ್ ಸರಿಯಾಗೇ ಇದೆ’ ಎಂದಷ್ಟೇ ಹೇಳಿದೆ.

‘ಅಮ್ಮನ್ ಕಿವಿ ವಿಷ್ಯ ಗೊತ್ತಾಯ್ತಾ ಮೇಡಂ?’ ಎಂದರು ಖಾದರ್ ಬಾಷಾ.

‘ನಿಮಗೆ ಹೇಗೆ ಗೊತ್ತು?’ ಎಂದೆ.

‘ಮೊನ್ನೆ ಫ್ಯಾನ್ ಹಾಕೋವಾಗ ಹಿಂದಿಂದ ಹೇಳ್ದೆ, ಅಮ್ಮಾ ಟ್ರೇ ಕೊಡಿ ಅಂತ. ಮೂರು ಸಲ ಹೇಳ್ದೆ. ಎದುರು ಬಂದು ಹೇಳಿದ್ಮೇಲೆ ಕೊಟ್ರು. ನಂಗೂ ಎಡಗಿವಿ ಹೋಗಿದೆ. ಮೂವತ್ತು ವರ್ಷ ಈ ಗ್ರೈಂಡಿಂಗ್ ಸದ್ದು ಕೇಳಿ ಕೇಳಿ. ಸಣ್ಣ ಸದ್ದೇ ಮೊದ್ಲು ಹೋಗೋದು.’

‘ಮತ್ತೆ ಯಾಕೆ ಹೇಳಲಿಲ್ಲ? ನಾನು ಅಷ್ಟೊಂದು ಬೈದೆನಲ್ಲ!’

‘ಹೇಳಿದ್ರೆ ಆ ಬೈಗುಳ ಅಮ್ಮಂಗೆ ಬೀಳ್ತಿತ್ತು’ ಎಂದರು. ‘ಬಿಡಿ. ಮಷೀನ್‌ಗೆ ಬೈದ್ರೆ ಅದೇನು ಮನೆಗೆ ಹೋಗಿ ಅಳುತ್ತಾ?’

ಚಹಾ ತರಿಸಿದರು. ಕುಡಿಯುತ್ತ ಅವರೇ ದಾರಿ ಹೇಳಿಕೊಟ್ಟರು. ಒಂದು ಟ್ರೇಯನ್ನು ತಾಸಿಗೊಮ್ಮೆ ತೂಕ ಮಾಡಬೇಕು. ನೀರು ಹೋಗುತ್ತಿರುವವರೆಗೆ ತೂಕ ಇಳಿಯುತ್ತಲೇ ಇರುತ್ತದೆ. ಎರಡು ಸಲ ಒಂದೇ ತೂಕ ಬಂತು ಎಂದರೆ ಒಣಗಿತು. ‘ಕಿವಿ ಬೇಡ, ಅನುಭವ ಬೇಡ, ಓದೋಕೆ ಬಂದ್ರೆ ಸಾಕು’ ಎಂದರು. ಹೇಳಿದ ಮೇಲೆ ಅವರಿಗೇ ಏನೋ ಅನ್ನಿಸಿತೋ ಏನೋ, ಅರ್ಧ ಚಹಾ ಬಿಟ್ಟು ಲೋಟ ಕೆಳಗಿಟ್ಟರು.

ಬರುತ್ತಾ ದಾರಿಯಲ್ಲೇ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತಂದೆ. ಅವತ್ತು ಸಂಜೆ ಪ್ರತಿ ತಾಸಿಗೂ ಟ್ರೇ ಅದರ ಮೇಲೆ ಏರಿತು, ಇಳಿಯಿತು. ಅಂಕಿಯನ್ನು ರತ್ನವ್ವ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಚನ್ನಕ್ಕ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಎರಡು ಅಂಕಿ ಒಂದೇ ಬಂದವು. ಒಂದು ಕಾಯಿ ಕಿವಿಗೆ ಹಿಡಿದೆ, ಗಲಗಲ ಅಂದಿತು. ಯಾರು ‘ಆತು’ ಅನ್ನಬೇಕು ಎಂದು ನನಗೆ ತಿಳಿಯಲಿಲ್ಲ. ರತ್ನವ್ವ ಆಗಲೇ ಡಬ್ಬ ತಂದು ತುಂಬಲು ಶುರು ಮಾಡಿದ್ದಳು.

ಮಾಲು ಕೈಗೆ ಬಂದ ಮೇಲೆ ವಿರೂಪಾಕ್ಷ ಈ ಸಲ ಅದನ್ನು ಬಳಸಲು ಅವಸರ ಮಾಡಲಿಲ್ಲ. ಡಬ್ಬಿಯಲ್ಲಿ ಮುಚ್ಚಿ ಹದಿನೈದು ದಿನ ಇಟ್ಟು, ಆಮೇಲೆ ಕರಿದು ನೋಡಿ, ಫೋನ್ ಮಾಡಿದರು.

‘ಇಷ್ಟು ಚಲೋ ಎಂದೂ ಬಂದಿದ್ದಿಲ್ಲರಿ. ಚನ್ನಕ್ಕಾರ ಕೈ ಅಂದ್ರ ಕೈ! ಮುಂದಿನ ತಿಂಗಳಿಂದ ಡಬಲ್ ಕಳ್ಸ್ರಿ.’

ಸಂಜೆ ಚನ್ನಕ್ಕ ಹೊರಡುವ ಹೊತ್ತಿಗೆ ಎದುರು ನಿಂತು, ಒಂದೊಂದೇ ಮಾತು ಬಿಡಿಸಿ, ವಿರೂಪಾಕ್ಷ ಹೇಳಿದ್ದನ್ನು ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ತಕ್ಕಡಿಯ ಕಡೆ ನೋಡಿದರು.

‘ಅದರ ಕೈ ಅದು. ನಂದೇನೈತಿ’ ಎಂದರು.

‘ಹಾಗನ್ನಬೇಡಿ ಅಕ್ಕಾ. ಮಷೀನಿಗೆ ಬುದ್ಧಿ ಕಲಿಸಿದವರು ನೀವೇ ಅಲ್ವಾ?’

‘ಕಲಿಸೂದು ಮುಗೀತಲ್ಲವಾ’ ಎಂದರು.

ಹಿಂದೆ ಫ್ಯಾನು ತಿರುಗುತ್ತಿತ್ತು. ಚನ್ನಕ್ಕ ಮೆಟ್ಟಿಲ ಹತ್ತಿರ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತ, ನೆಲ ನೋಡುತ್ತಲೇ ಕೇಳಿದರು. ‘ನಾಳಿಂದ ನಾ ಬರೂದೈತೇನು?’

ನನ್ನ ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ. ಯಾರ ಮೇಲೆ ಎಂದು ನನಗೇ ಗೊತ್ತಿಲ್ಲ.

‘ಬರದೆ ಮತ್ತೆ? ಎಂಟಕ್ಕೆ ಬನ್ನಿ’ ಎಂದೆ.

ಅವರು ಚಪ್ಪಲಿಯ ಪಟ್ಟಿ ಸರಿ ಮಾಡುತ್ತಿದ್ದರು. ಕೇಳಿಸಿರಲಿಲ್ಲ. ಉತ್ತರ ಬರಲಿಲ್ಲ ಎಂದುಕೊಂಡು, ತಲೆ ಎತ್ತದೆ, ಒಂದು ಮೆಟ್ಟಿಲು ಇಳಿದರು. ಇನ್ನೊಂದು ಇಳಿದರು.

‘ಎಂಟಕ್ಕೆ ಬನ್ನಿ ಅಕ್ಕಾ!’

ಇಳಿಯುತ್ತಲೇ ಇದ್ದರು. ನಾನು ಗಂಟಲು ಹರಿಯುವಂತೆ ಕೂಗಿದೆ. ಪಕ್ಕದ ಐದು ಮಹಡಿಯ ಬಾಲ್ಕನಿಗಳಲ್ಲಿ ಜನ ಇಣುಕಿದರು. ಚನ್ನಕ್ಕ ಅರ್ಧ ಮೆಟ್ಟಿಲಲ್ಲಿ ನಿಂತು ತಿರುಗಿದರು.

‘ಕೇಳ್ತವಾ, ಕೇಳ್ತು. ಎಂಟಕ್ಕ ಬರ್ತೀನಿ. ಅಷ್ಟ್ಯಾಕ ಒದರ್ತಿ?’

ಬಂದು ಏನು ಮಾಡಬೇಕು ಎಂದು ಅವರು ಕೇಳಲಿಲ್ಲ. ಕಾಯಿ ಸೀಳುವ ಕೆಲಸ ಇದೆ, ಮಜ್ಜಿಗೆ ಕಡೆಯುವ ಕೆಲಸ ಇದೆ, ಟ್ರೇ ತೊಳೆಯುವ ಕೆಲಸವೂ ಇದೆ. ‘ಆತು’ ಅನ್ನುವ ಕೆಲಸ ಒಂದು ಇಲ್ಲ. ಅದು ಅವರಿಗೂ ಗೊತ್ತಿತ್ತು. ಗೋಡೆ ಹಿಡಿದುಕೊಂಡು ಇಳಿದು, ಗೇಟು ತೆಗೆದು, ಸಿಂಗಾಪುರದ ಕಡೆ ನಡೆದರು.